ಉಪ್ಪುನೀರಿನ ಲೆಕ್ಕ

ಮಾರ್ಚ್ 19, ಬೆಳಿಗ್ಗೆ

ಗಂಜಿ ಮತ್ತೆ ತಳ ಹಿಡಿಯಿತು. ಹೆಂಡತಿ ಸೌದಾಮಿನಿ ಬದುಕಿದ್ದಿದ್ದರೆ ಬಯ್ದುಕೊಂಡೇ ಬಡಿಸುತ್ತಿದ್ದಳು. ಬಯ್ಯುವವರಿಲ್ಲ... ಬಾತುಕೋಳಿಗಳಿಗೆ ಹಾಕಿದೆ.

ಮಹಡಿಯ ಬಾಡಿಗೆಯವಳು ನಿಷಿದಾ — ಯೂನಿವರ್ಸಿಟಿ ಹುಡುಗಿ — ಲ್ಯಾಪ್‌ಟಾಪ್ ಹೊತ್ತು ಇಳಿದಳು. ಸಮುದ್ರದ ಉಪ್ಪುನೀರು ತಡೆಯುವ ಹಿನ್ನೀರಿನ ಅಡ್ಡಗಟ್ಟೆಯ ಬಾಗಿಲು ಈ ಸಲ ನಿಜವಾಗಿ ಯಾವಾಗ ತೆರೆಯುತ್ತದೆ ಎಂದು ಲೆಕ್ಕ ಹಾಕುವ ಮಾಡೆಲ್ ಅಂತೆ. ಸರ್ಕಾರದ ಆದೇಶ ಏಪ್ರಿಲ್ ಹತ್ತು. ಕೇರಳದಲ್ಲಿ, ಅದರಲ್ಲೂ ನಮ್ಮ ಕುಟ್ಟನಾಡಿನಲ್ಲಿ ಆದೇಶ ಒಂದು, ನಡೆಯುವುದು ಇನ್ನೊಂದು. ಅವಳ ಲೆಕ್ಕದಲ್ಲಿ ರೈತರು, ಮೀನುಗಾರರು, ಇಲಾಖೆ — ಒಬ್ಬೊಬ್ಬರಿಗೂ ಮೂರು ನಂಬರ್: ಏನು ಬೇಕು, ಎಷ್ಟು ಬಲ, ಎಷ್ಟು ಹಠ. ಎಲ್ಲರನ್ನೂ ಎಳೆದಾಡಿಸಿದರೆ ತಾರೀಕು ಬೀಳುತ್ತದೆ. ಕಾಲೇಜಿನಲ್ಲಿ ಓದಿದ್ದೆ — ರಿಸಲ್ಟಂಟ್ ಆಫ್ ಫೋರ್ಸಸ್. ಈಕ್ವಿಲಿಬ್ರಿಯಮ್ಮೋ ಏನೋ...

"ಸಾರ್, ನಿಮ್ಮ ತಮ್ಮನ ಹಠಕ್ಕೆ ನೂರಕ್ಕೆ ಎಷ್ಟು ಹಾಕ್ಲಿ?"

"ನೂರೇ ಕೊನೇನಾ?"

ಮಾರ್ಚ್ 24

ಮಾಡೆಲ್‌ನ ಉತ್ತರ ಬಂತು — ಮೇ ತಿಂಗಳು. ರೈತರ ಬಲ ಹೆಚ್ಚು, ಇಲಾಖೆ ಮುಂದೂಡುತ್ತದೆ.

ತಡವಾದರೆ ಸಮುದ್ರದ ಸೀಗಡಿ ಒಳಗೆ ಬಾರದು, ಅಳಿಯ ಸುಗತನ್‌ನ ಬಲೆ ಖಾಲಿ. ಬೇಗ ತೆರೆದರೆ ತಮ್ಮ ಭಾರ್ಗವನ್‌ನ ಕೊಯ್ಯದ ಭತ್ತ ಉಪ್ಪಿಗೆ ಸುಟ್ಟುಹೋಗುತ್ತದೆ. ಇಬ್ಬರೂ ನನ್ನವರೇ.

ಸುಗತನ್ ಬಂದಿದ್ದ. "ಹತ್ತಕ್ಕೆ ತೆರೀಲಿಲ್ಲ ಅಂದ್ರೆ ನಾವೇ ಹೋಗಿ ಒಡೀತೀವಿ ಮಾವ. ಚಿಕ್ಕಮಾವನ ಗದ್ದೆ ಅಂತ ನೋಡಲ್ಲ."

ಮಗಳು ಶೈಲಜ ಗಂಡನ ಹಿಂದೆ ಗೋಡೆ ನೋಡುತ್ತ ನಿಂತಿದ್ದಳು. 

ಏಪ್ರಿಲ್ 4, ಸಂಜೆ

ಭಾರ್ಗವನ್‌ನ ಬಯಲೊಂದೇ ಕೊಯ್ಯದೆ ಉಳಿದಿದೆ. ತಮಿಳುನಾಡಿನಿಂದ ಬಂದ ಕೊಯ್ಲು ಯಂತ್ರ ಆಚೆ ದಡದಲ್ಲೇ ನಿಂತಿದೆ. ದಾಟಿಸುವ ಜಂಗಾರಿಗೆ — ಚಪ್ಪಟೆ ಸಾಗಣೆ ದೋಣಿಗೆ — ಲಾರಿಗಳ ಉದ್ದ ಸರದಿ.

ನಿಷಿದಾ ಭಾರ್ಗವನ್‌ನನ್ನೇ ಕೇಳಿದಳು. "ಕೊಯ್ಲು ಮುಗಿದ್ಮೇಲೂ ನಿಮಗೆ ಬಾಗಿಲು ಮುಚ್ಚೇ ಇರ್ಬೇಕಲ್ವಾ?"

"ಯಾರಮ್ಮ ಹೇಳಿದ್ದು? ಕೊಯ್ದ ಮಾರನೇ ದಿನ ನಂಗೇ ಉಪ್ಪುನೀರು ಬೇಕು! ಕಳೆ, ಹುಳ ಎಲ್ಲಾ ಸಾಯೋದು ಅದ್ರಲ್ಲೇ. ಈಗ ಬೇಡ ಅಂದೆ, ಅಷ್ಟೆ."

ಹುಡುಗಿ ಹಣೆ ಚಚ್ಚಿಕೊಂಡಳು. ಅವನ 'ಈಗ ಬೇಡ'ವನ್ನು ಲೆಕ್ಕದಲ್ಲಿ 'ಎಂದೆಂದಿಗೂ ಬೇಡ' ಎಂದು ಹಾಕಿದ್ದಳಂತೆ. ಇಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ಮತ್ತೆ ಲೆಕ್ಕ. ಯಂತ್ರ ದಾಟಿದರೆ ಎರಡೂ ಬಣ ಒಂದೇ ಕಡೆ ಎಳೆಯುತ್ತವೆ, ತಾರೀಕು ಹತ್ತಕ್ಕೆ ಬಂದು ಕೂರುತ್ತದೆ. ಸುಗತನ್‌ಗೆ ಫೋನ್ ಮಾಡಿದೆ. ವಿಷಯ ಹೇಳಿದೆ. ಅವನು ಕೇಳಿದ್ದು ಒಂದೇ, "ಯಂತ್ರ ಎಷ್ಟು ಭಾರ ಮಾವ?"

ಏಪ್ರಿಲ್ 6

ಮೀನುಗಾರರು ತಮ್ಮ ದೊಡ್ಡ ದೋಣಿಗಳನ್ನು ಜೋಡಿಸಿ ಕಟ್ಟಿ, ಹಲಗೆ ಹಾಸಿ, ಯಂತ್ರ ಏರಿಸಿದರು. ನಡುನೀರಿನಲ್ಲಿ ಒಂದು ಕಡೆ ವಾಲಿತು. 

"ಮುಳುಗಿಸ್ಬಿಟ್ಟೀಯ ಕಣೋ!" — ದಡದಿಂದ ಭಾರ್ಗವನ್.

"ಮುಳುಗಿದ್ರೆ ಬಲೆ ಹಾಕಿ ಎತ್ಕೊಡ್ತೀನಿ ಚಿಕ್ಕಮಾವ, ಸುಮ್ನಿರಿ!"

ದಡವೆಲ್ಲ ನಗು. ದಾಟಿತು.

ಏಪ್ರಿಲ್ 9

ಕೊಯ್ಲು ಮುಗಿಯಿತು. ಅಳಿಯ, ತಮ್ಮ ಒಂದೇ ದೋಣಿಯಲ್ಲಿ ಇಲಾಖೆಗೆ ಹೋದರು. ಎರಡು ಬಣ ಒಟ್ಟಿಗೆ ಬಂದದ್ದು ಕಂಡು ಇಂಜಿನಿಯರ್ ಹೆದರಿ ಪೊಲೀಸರನ್ನು ಕರೆಯಲು ಹೊರಟಿದ್ದನಂತೆ. ಇಬ್ಬರೂ ಕೇಳುವುದು ಒಂದೇ ಎಂದು ತಿಳಿದ ಮೇಲೆ ಚಹಾ ಕೊಟ್ಟು, ಹತ್ತಕ್ಕೆ ತೆರೆಯಲು ಒಪ್ಪಿದ.

ಏಪ್ರಿಲ್ 12, ಮಧ್ಯಾಹ್ನ

ಎರಡು ದಿನ ತಡ — ಬಾಗಿಲೆತ್ತುವ ಮೋಟಾರು ಕೆಟ್ಟಿತ್ತು. ಅದರ ಹಠಕ್ಕೆ ನಂಬರ್ ಹಾಕಿರಲಿಲ್ಲ ಎಂದು ನಿಷಿದಾ ಗೊಣಗಿದಳು. ಇವತ್ತು ತೆರೆಯಿತು. ನೀರು ನುಗ್ಗಿ ಬಂದದ್ದು ನೋಡಿ... ಎದೆಯ ಮೇಲಿನ ಕಲ್ಲು ಸರಿಯಿತು. ಬರುವ ವರ್ಷ ಮತ್ತೆ ಕಿತ್ತಾಡುತ್ತಾರೆ. ಕಿತ್ತಾಡಲಿ.

ಒಳಗೆ ಶೈಲಜ ಗಂಡನಿಗೂ ಚಿಕ್ಕಪ್ಪನಿಗೂ ಬಡಿಸುತ್ತಿದ್ದಾಳೆ. "ಅಪ್ಪಾ, ಬರೆದಿದ್ದು ಸಾಕು, ಬನ್ನಿ!" ಮೀನಿನ ತಲೆ ಯಾರಿಗೆ ಎಂದು ವಾದ ನಡೆದಿತ್ತು. ಈಗ ಸದ್ದಿಲ್ಲ. ಇಬ್ಬರೂ ರಾಜಿಯಾದ ಹಾಗಿದೆ — ಹೋಗಬೇಕು, ಇಲ್ಲದಿದ್ದರೆ ನನ್ನ ಪಾಲನ್ನೂ ಮುಗಿಸಿ—