ಬಾಯಿಗೆ ಬಾರದ ಹೆಸರು

ಪ್ರಿನ್ಸ್‌ಟನ್, ನ್ಯೂಜೆರ್ಸಿ
೧೭ ಮಾರ್ಚ್ ೧೯೭೪

ಪ್ರೀತಿಯ ಬದರಿ ಅಣ್ಣಾ,

ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಅತ್ತಿಗೆಯ ಮಂಡಿನೋವು ಹೇಗಿದೆ? ನಾನೂ ಉಷಾಳೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಐನಾರ್ ಹೋಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಮಗು ದಿನಾ ಸಂಜೆ ಅಪ್ಪನ ಕಾರಿಗಾಗಿ ಕಿಟಕಿಯಲ್ಲಿ ನಿಲ್ಲುತ್ತಾಳೆ.

ನಿನ್ನ ಕಾಗದ ಬಂತು. ಲಕೋಟೆಯ ಮೇಲೆ ಈ ಸಲವೂ ‘ಕುಮಾರಿ ನಿರುಪಮಾ’. ನನಗೆ ಮದುವೆಯಾಗಿ ಆರು ವರ್ಷವಾಯಿತಲ್ಲ ಎಂದರೆ, ‘ಅವರ ಮನೆತನದ ಹೆಸರು ನಮ್ಮ ಬಾಯಿಗೆ ಬರೋದಿಲ್ಲ ಕಣೇ’ ಅನ್ನುತ್ತೀಯೆ. ಶ್ಲೋಕದಲ್ಲಿ ಒಂದು ಮಹಾಪ್ರಾಣ ಜಾರಿದರೂ ನನ್ನ ತಲೆಗೆ ಮೊಟಕುತ್ತಿದ್ದ ಸಂಸ್ಕೃತದ ಮೇಷ್ಟ್ರು ನೀನು! ಹೇಳಿಕೊಡುತ್ತೇನೆ, ಕಲಿ. ಇಂಗ್ಲಿಷ್ ಅಕ್ಷರದಲ್ಲಿ ಎಚ್, ಜೆ ಎಂದು ಶುರುವಾಗುತ್ತದೆ. ಆ ಎಚ್ ಉಚ್ಚಾರದಲ್ಲಿ ಇಲ್ಲವೇ ಇಲ್ಲ. ನಾರ್ವೆಯವರ ಜೆ ಎಂದರೆ ನಮ್ಮ ಯ. ಊರಿನ ಎಲ್ಲೆ, ಹೊಲದ ಎಲ್ಲೆ ಅನ್ನುವಾಗ ನಿನ್ನ ಬಾಯಲ್ಲಿ ‘ಯೆಲ್ಲೆ’ ಎಂದೇ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ಎಲ್ಲೆ. ಭೇಟಿಯಾದ ಮೊದಲ ದಿನವೇ ನಾನು ಹಾಗೆ ಅಂದಾಗ ಬ್ರೂಕ್ಲಿನ್‌ನಲ್ಲಿರುವ ನನ್ನ ಅತ್ತೆ ಸಿಗ್ರಿಡ್ ಕಾಫಿ ಬಟ್ಟಲನ್ನು ಕೆಳಗಿಟ್ಟು, ‘ನಮ್ಮ ಜನ ಬಿಟ್ಟರೆ ಈ ದೇಶದಲ್ಲಿ ಒಬ್ಬರೂ ಸರಿಯಾಗಿ ಕರೆದಿರಲಿಲ್ಲ’ ಎಂದು ಕೆನ್ನೆ ಸವರಿದ್ದರು.

ಜನವರಿಯಲ್ಲಿ ಹಿಮಗಟ್ಟಿದ್ದ ರಸ್ತೆಯಲ್ಲಿ ಕಾರು ಜಾರಿ ಐನಾರ್ ಸತ್ತ. ಅಂತ್ಯಕ್ರಿಯೆಯ ದಿನ ಪಾದ್ರಿ ಚೀಟಿ ನೋಡಿಕೊಂಡು ‘ಐನಾರ್ ಹಜೆಲಿ’ ಅಂದರು. ಮತ್ತೊಮ್ಮೆ ಅಂದರು. ಅತ್ತೆ ‘ಯು ಟೆಲ್ ಹಿಮ್, ನಿರು’ ಎಂದು ನನ್ನ ಕೈ ಹಿಂಡಿದರು. ಅಷ್ಟು ಜನರ ನಡುವೆ ಸೀರೆಯುಟ್ಟವಳು ನಾನೊಬ್ಬಳೇ. ಎದ್ದು ನಿಂತು ಹೇಳಿದೆ. ಅವರು ಕ್ಷಮೆ ಕೇಳಿ ಸರಿಯಾಗಿ ಓದಿದರು. ಗುರುತು ಪರಿಚಯವಿಲ್ಲದ ಮನುಷ್ಯ ಒಂದೇ ಸಲಕ್ಕೆ ಕಲಿತುಕೊಂಡರು. ನೀನು ಆರು ವರ್ಷದಲ್ಲಿ ಹೇಗೆ ಅನ್ನಬೇಕೆಂದು ಕೇಳಲೂ ಇಲ್ಲ. ಅವನ ಸಾವಿಗೆ ನೀನು ಬರೆದ ಮೊದಲ ಸಾಲೇ ‘ಆದದ್ದು ಆಯಿತು, ಇನ್ನು ಬಂದುಬಿಡು.’ ನಾನು ಅಳುವುದಕ್ಕೂ ಜಾಗ ಬಿಡಲಿಲ್ಲವಲ್ಲ, ಅಣ್ಣಾ.

ಅತ್ತಿಗೆಗೆ ನಮಸ್ಕಾರ ತಿಳಿಸು. ಔಷಧಿ ಹೊತ್ತು ತಪ್ಪಿಸಬೇಡ.

ನಿನ್ನ ತಂಗಿ,
ನಿರುಪಮಾ ಎಲ್ಲೆ

ತಾ.ಕ.: ಟಪಾಲಿಗೆ ಹೊತ್ತಾಯಿತು. ಉಷಾಳಿಗೆಂದು ನೀನು ತುಂಬಿ ಕಳಿಸಿದ್ದ ಅಲ್ಲಿನ ಶಾಲೆಯ ಅರ್ಜಿ ಇದರೊಳಗಿದೆ. ತಂದೆಯ ಹೆಸರಿನ ಜಾಗದಲ್ಲಿ ನೀನು ಬರೆದಿದ್ದ ನಿನ್ನ ಹೆಸರನ್ನು ಹೊಡೆದುಹಾಕಿ, ಅವಳ ಅಪ್ಪನ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇನೆ. ಅದನ್ನು ಹಾಗೆಯೇ ಕೊಡುವುದಾದರೆ ತಿಳಿಸು, ಜೂನ್‌ನಲ್ಲಿ ಬರುತ್ತೇವೆ. ಇಲ್ಲವಾದರೆ ಬರೆಯಬೇಡ.