ನೀಲಿ ಮುಚ್ಚಳದ ತುದಿ

ಅಕ್ಟೋಬರ್ ೧೪, ಗುರುವಾರ. ಕೊರೆಯುವ ಹಡಗು, ಕಲ್ಲು ಜೋಡಿಸುವ ಕೋಣೆ. ಕೊರೆತ ಮುಗಿದು ಎರಡು ದಿನ, ಸಮುದ್ರ ಶಾಂತವಾಗಿದೆ.

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ಖಚಿತವಾಗದೆ ಬರೆಯಬಾರದೆಂದು ಕೈ ಕಟ್ಟಿ ಕೂತಿದ್ದೆ. ಈಗ ಖಚಿತವಾಗಿದೆ. ನೀನು ಇಟ್ಟ ಕ್ರಮವೇ ಸರಿ.

ಮೊನ್ನೆ ಬೆಳಿಗ್ಗೆ ಸಮುದ್ರತಳದ ಕಲ್ಲು ತುಂಬಿಕೊಂಡು ನಲವತ್ತೊಂದನೆಯ ಕೊಳವೆ ಮೇಲೆ ಬಂತು. ಸೀಳಿ ನೋಡಿದರೆ ಒಂದೇ ತುಂಡು, ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಮೇಲರ್ಧ ಬೂದು ಕೆಸರುಗಲ್ಲು. ಕೆಳಗರ್ಧ ಕಡುಹಸಿರು, ಮುಟ್ಟಿದರೆ ಸಾಬೂನಿನಂತೆ ನುಣುಪು. ನಡುವೆ ಎರಡು ಬೆರಳಗಲ, ಪುಡಿಯಾಗಿ ಮತ್ತೆ ಬೆಸೆದುಕೊಂಡ ಪಟ್ಟಿ. ಅಲ್ಲಿ ಲಾವಾದ ಒಂದು ಚೂರೂ ಇಲ್ಲ. ಲಾವಾ ಸಿಕ್ಕಿದ್ದು ಇನ್ನೂ ಕೆಳಗೆ, ಹಸಿರು ಕಲ್ಲಿನ ಸಂದಿಗೆ ಆಮೇಲೆ ನುಗ್ಗಿದ ಒಂದು ಕರಿ ಎಳೆಯಾಗಿ.

ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲೇ ಕೊರೆದಾಗ ನೀನು ಕಲ್ಲಿನ ಪೆಟ್ಟಿಗೆಗಳನ್ನು ಜೋಡಿಸಿದ್ದೂ ಹೀಗೆಯೇ: ಕೆಸರುಗಲ್ಲು, ಹಸಿರು, ಕೊನೆಗೆ ಕಪ್ಪು. “ಖಂಡ ಸೀಳಿದ್ರೆ ಬಿರುಕಿಗೆ ಲಾವಾ ತುಂಬಲೇಬೇಕು. ಆಳದ ಹಸಿರು ಕಲ್ಲು ಹಾಗೆ ಬೆತ್ತಲೆ ನಿಲ್ಲಲ್ಲಮ್ಮ. ಕೊನೇ ಎರಡು ಪೆಟ್ಟಿಗೆ ಅದಲುಬದಲು ಮಾಡಿದೀಯ” ಅಂದರು ದೊಡ್ಡ ಸಾಹೇಬರು. “ನೀಲಿ ಮುಚ್ಚಳ ಯಾವತ್ತೂ ಕೊಳವೆಯ ಮೇಲಿನ ತುದಿಗೇ ಹಾಕ್ತೀನಿ ಸಾರ್, ಕಣ್ಣು ಕಟ್ಟಿದ್ರೂ” ಅಂದೆ ನೀನು. ಜ್ವರದ ಮಂಪರಿನಲ್ಲಿ ಮಾಡಿದ ನಿನ್ನ ತಪ್ಪೆಂದೇ ವರದಿಯಲ್ಲಿ ಬರೆದರು. ಹಡಗು ಇಳಿದವಳು ಮತ್ತೆ ಹತ್ತಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತ ಕೂತೆ.

ಸಾಹೇಬರು ಈಗ ನಿವೃತ್ತರು; ಈ ಸಲ ಅತಿಥಿಯಾಗಿ ಬಂದಿದ್ದಾರೆ. ಆ ತುಂಡಿನ ಮುಂದೆ ಇಪ್ಪತ್ತು ನಿಮಿಷ ಭೂತಗನ್ನಡಿ ಹಿಡಿದು ನಿಂತರು. “ಒಂದೇ ತುಂಡು. ಇದನ್ನ ಯಾರೂ ಅದಲುಬದಲು ಮಾಡೋಕಾಗಲ್ಲ” ಅಂದರು. ಭೂತಗನ್ನಡಿ ಕೆಳಗಿಟ್ಟು, “ನಿಮ್ಮಕ್ಕನ ವಿಳಾಸ ಕೊಡಮ್ಮ. ನಾನೇ ಬರೀತೀನಿ” ಅಂದರು. ಕೋಣೆಯಲ್ಲಿ ಹನ್ನೊಂದು ಜನ ಇದ್ದರು, ಎಲ್ಲರೂ ಕೇಳಿಸಿಕೊಂಡರು.

ಅಡುಗೆಯವರು ಇನ್ನೂ ನಾವಿಬ್ಬರೂ ಹಡಗಿನಲ್ಲಿದ್ದಾಗಿನ ಅದೇ ಮನುಷ್ಯ. “ಕಲ್ಲಿಗೆ ಯಾಕಿಷ್ಟು ಸಂಭ್ರಮ?” ಎಂದು ಕೇಳಿದರು. ಅವರ ಕೈಯಲ್ಲಿದ್ದ ಹಿಟ್ಟನ್ನೇ ಹಲಗೆಯ ಮೇಲೆ ನಿಧಾನವಾಗಿ ಎಳೆದು ತೋರಿಸಿದೆ: ನಡುವೆ ತೆಳ್ಳಗಾಯಿತು, ಓರೆಯಾಗಿ ಜಾರಿತು, ಕೆಳಗಿನ ಹಲಗೆ ಕಂಡಿತು. ಹಿಟ್ಟು ಖಂಡ, ಹಲಗೆ ಆಳದ ಕಲ್ಲು; ಭೂಮಿಯಲ್ಲಾದರೆ ಆ ಹಲಗೆಯೇ ಮೇಲೆದ್ದು ಬರುತ್ತದೆ, ಸಮುದ್ರದ ನೀರು ಕುಡಿದು ಹಸಿರಾಗುತ್ತದೆ ಎಂದೆ. ಲಾವಾ ಬರಲೇಬೇಕೆಂದೇನೂ ಇಲ್ಲ.

“ಅಷ್ಟೇನಾ?” ಅಂದರು. “ಇದಕ್ಕೆ ಇಪ್ಪತ್ತೆರಡು ವರ್ಷ ತಗೊಂಡ್ರಾ? ನಿಮ್ಮಕ್ಕ ಆವತ್ತೇ ಹೇಳಿದ್ಲಲ್ಲ. ಹಿಟ್ಟು ಕೊಡಿ ಇಲ್ಲಿ.”

ಭಾವನವರಿಗೆ ನಮಸ್ಕಾರ ತಿಳಿಸು. ಮಗಳಿಗೆ ಹಸಿರು ಕಲ್ಲಿನ ಒಂದು ಚೂರು ತರುತ್ತೇನೆ. ಅವಳು ಅಮ್ಮನಷ್ಟೇ ಹಟಮಾರಿಯಾಗಿ ಬೆಳೆಯಲಿ.

ನಿನ್ನ
ಗುಬ್ಬಿ

ಮರೆತು ಬಿಟ್ಟದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಆವತ್ತು ನಿನಗೆ ಜ್ವರವಿತ್ತೆಂದು ಸಾಹೇಬರಿಗೆ ಯಾರು ಹೇಳಿದರೆಂದು ಇವತ್ತಿಗೂ ಕೇಳುತ್ತೀಯ. ಅಡುಗೆಯವರ ಮೇಲೆ ನಿನಗೆ ಅನುಮಾನ. ಅವರಲ್ಲ, ನಾನು. ಜ್ವರ ಬಂದು ಮಲಗಿದ್ದವಳೂ ನಾನೇ. ನನ್ನ ಪಾಳಿಯನ್ನು ನೀನು ಮಾಡಿದ್ದೆ. ಪಾಳಿ ತಪ್ಪಿಸಿದ್ದು ಗೊತ್ತಾದರೆ ಕೆಲಸ ಹೋಗುತ್ತದೆಂದು ಹೆದರಿ, ಜ್ವರ ಯಾರಿಗೆಂದು ಅವರು ಕೇಳಿದಾಗ ನಿನ್ನ ಹೆಸರು ಹೇಳಿದೆ. ಶನಿವಾರ ಎಲ್ಲರ ಮುಂದೆ ಹೊಸ ವರದಿ ಓದುವವಳು ನಾನು. ಮೊದಲು ಇದನ್ನೇ ಓದುವುದೆಂದು ತೀರ್ಮಾನಿಸಿ, ಒಂದು ಹಾಳೆಯಲ್ಲಿ ಬರೆದು ವರದಿಯ ಮೇಲಿಟ್ಟಿದ್ದೇನೆ. ಇನ್ನೂ ಎರಡು ದಿನವಿದೆ.