ನಂದಿತಾಳ ಆಟದ ರೆಕಾರ್ಡಿಂಗ್

ಅರಸೀಕೆರೆ
9 ನವೆಂಬರ್ 2025, ಭಾನುವಾರ

ಅರುಣಾ,

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಕಾಗದ ಬರೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎಂದು ಹೇಳುವ ಮುಖ ನನಗೂ ಇಲ್ಲ. ನಿನ್ನ ತಮ್ಮ ಶಿವಕುಮಾರ ಮಂಗಳವಾರ ಕೊಬ್ಬರಿ ಹಾಕಲು ಮಂಡಿಗೆ ಬರುತ್ತಾನಲ್ಲ, ಅವನ ಕೈಗೆ ಈ ಕಾಗದವನ್ನೂ ಒಂದು ಪೆನ್ ಡ್ರೈವನ್ನೂ ಕೊಡುತ್ತೇನೆ.

ಮಾರ್ಚ್ ತಿಂಗಳಲ್ಲಿ ಅವನು ನನ್ನ ಸ್ಟುಡಿಯೋಗೆ ಬಂದಿದ್ದ. ಕೂರು ಎಂದರೂ ಕೂರದೆ ಬಾಗಿಲಲ್ಲೇ ನಿಂತು, "ಭಾವ, ಅಕ್ಕಂಗೆ ಇನ್ನೇನೂ ಬ್ಯಾಡ್ವಂತೆ. ನಂದಿತಾ ಆಡ್ತಿದ್ಲಲ್ಲ ಆ ಹಳ್ಳಿ ಆಟ, ಅದನ್ನ ಟೀವೀಲಿ ನೋಡಂಗೆ ಮಾಡ್ಕೊಡಿ, ಸಾಕು ಅಂದವ್ಳೆ" ಎಂದ. ಆಮೇಲೆ ಒಂದು ಲೋಟ ನೀರನ್ನೂ ಕುಡಿಯದೆ ಹೊರಟ.

ನೀನು ಕೇಳಿದ್ದರಲ್ಲಿ ತಪ್ಪೇನಿದೆ? ಈ ಸ್ಟುಡಿಯೋದಲ್ಲಿ ಊರ ಹೆಣ್ಣುಮಕ್ಕಳ ನಾನೂರು ಮದುವೆಗಳಿವೆ. ನಮ್ಮ ಮಗಳದು ಹತ್ತು ನಿಮಿಷವೂ ಇಲ್ಲ. "ಅಪ್ಪಾ, ನನ್ನ ಮುಖ ಊದಿದೆ, ತೆಗೀಬೇಡಿ" ಎಂದಳು. ನಾನು ಸರಿ ಎಂದೆ. ವಾರಕ್ಕೆರಡು ದಿನ ಹಾಸನದಲ್ಲಿ ಡಯಾಲಿಸಿಸ್, ಉಳಿದ ದಿನ ಮಂಚದ ಮೇಲೆ ಕೂತು, ಟೀವಿಗೆ ಚುಚ್ಚುವ ಹಳೇ ಗೇಮ್ ಮೆಷಿನ್ನಿನಲ್ಲಿ ಆ ಆಟ. ಪಾಳು ಬಿದ್ದ ಹೊಲವೊಂದನ್ನು ಕೊಡುತ್ತಾರಂತೆ, ಕಳೆ ಕಿತ್ತು, ನೀರು ಹಾಯಿಸಿ, ದನ ಸಾಕಿ, ಊರು ಮಾಡಬೇಕಂತೆ. ಎರಡು ವರ್ಷ ಅವಳು ಮಾಡಿದ ಕೆಲಸ ಅದೊಂದೇ, ಅದೆಲ್ಲ ಬೆಂಕಿಪೊಟ್ಟಣದಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಇತ್ತು.

ಎಂಟು ತಿಂಗಳು ಯಾಕೆ ಹಿಡಿಯಿತು ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಮದುವೆ ವಿಡಿಯೋ ತೆಗೆದು ತಲೆ ಹಣ್ಣಾದವನಿಗೆ ಇದು ಎಡಗೈ ಕೆಲಸ ಎಂದುಕೊಂಡಿದ್ದೆ. ಆ ಮೆಷಿನ್ ನನ್ನ ಗರ್ವವನ್ನು ಚೆನ್ನಾಗಿ ಇಳಿಸಿತು. ಲ್ಯಾಪ್‌ಟಾಪಿಗೆ ಚುಚ್ಚಿ ಆಟದ ಚಿತ್ರ ಹಿಡಿಯುವ ಪುಟ್ಟ ಕಡ್ಡಿಯೊಂದನ್ನು ತರಿಸಿದೆ. ಹಳೇ ಡಬ್ಬಾ ಟೀವಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತಿದ್ದರೂ ಲ್ಯಾಪ್‌ಟಾಪಿನಲ್ಲಿ ಬರೀ ನೀಲಿ ಪರದೆ. ಹಳೆಯ ಮೆಷಿನ್ ಕಳುಹಿಸುವುದು ಅರ್ಧ ಗೆರೆಗಳ ಚಿತ್ರವಂತೆ, ಹೊಸ ಸಾಮಾನುಗಳಿಗೆ ಅದು ಚಿತ್ರವೇ ಅಲ್ಲವಂತೆ. ಆಮೇಲೆ ಬೆಂಗಳೂರಿನಿಂದ ಆ ಚಿತ್ರವನ್ನು ಹೊಸ ಸಾಮಾನಿಗೆ ಒಗ್ಗಿಸುವ ಒಂದು ಪೆಟ್ಟಿಗೆ ತಂದೆ. ಅದು ಚಿತ್ರವನ್ನು ಎರಡೂ ಕಡೆ ಎಳೆದು, ಹಸುಗಳನ್ನೆಲ್ಲ ಎಮ್ಮೆಗಳಷ್ಟು ದಪ್ಪ ಮಾಡಿತು. ಟೀವಿಯ ಎದುರೇ ಕ್ಯಾಮೆರಾ ನಿಲ್ಲಿಸಿದರೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಉರುಳುತ್ತಿದ್ದವು.

ಕೊನೆಗೆ ದಾರಿ ತೋರಿಸಿದವನು ಟೀವಿ ರಿಪೇರಿ ಚನ್ನೇಶ್. "ಅಣ್ಣ, ಆ ಟೇಪ್ ಕ್ಯಾಮೆರಾ ಅಟ್ಟದ ಮ್ಯಾಲೆ ಐತಲ್ಲ, ಅದ್ರೊಳಿಕ್ಕೆ ವೈರ್ ಕೊಡಿ, ಅದು ಹಿಡೀತೈತೆ" ಎಂದ. ನಂದಿತಾ ಹುಟ್ಟಿದ ವರ್ಷ ಕೊಂಡಿದ್ದ ಕ್ಯಾಮೆರಾ ಅದು. ಹಳದಿ ಪಿನ್ ಚುಚ್ಚಿದೆ, ಚಿತ್ರ ಬಂತು. ಅಗಲ, ಉದ್ದ, ಬಣ್ಣ ಎಲ್ಲ ಟೀವಿಯಲ್ಲಿದ್ದ ಹಾಗೇ ಇತ್ತು. ಮೊದಲು ಟೇಪಿಗೆ ಇಳಿಸಿ, ಅಲ್ಲಿಂದ ಕಂಪ್ಯೂಟರಿಗೆ ಹಾಕಿ ಪೆನ್ ಡ್ರೈವಿಗೆ ತುಂಬಿದ್ದೇನೆ. ಮೂರು ಗಂಟೆ ಇದೆ. ಕೆರೆ ಪಕ್ಕ ಹೂವಿನ ಸಾಲು, ಕೊಟ್ಟಿಗೆಯಲ್ಲಿ ಮೂರು ಹಸು, ಒಂದು ಸುಗ್ಗಿ.

ಇನ್ನೊಂದು ಮಾತು. ಹೋದ ತಿಂಗಳು ಜೋಡಿಯೊಂದನ್ನು ಶೂಟ್ ಮಾಡಲು ಹಳೇಬೀಡಿಗೆ ಬಂದಿದ್ದೆ. ಮಾದಿಹಳ್ಳಿಗೆ ಹೋಗುವ ಬಸ್ಸು ಎದುರಿಗೇ ಬಂದು ನಿಂತಿತು. ಹತ್ತಲಿಲ್ಲ. ಹತ್ತಿ ಬಂದು ನಿನ್ನ ತವರಿನ ಜಗುಲಿಯಲ್ಲಿ ಕೂತು ಏನು ಹೇಳಲಿ? ಅವಳು ಹೋದ ದಿನ ನಾನು ಬೇಲೂರಿನಲ್ಲಿ ಯಾರದೋ ಮಗಳ ಮಾಂಗಲ್ಯಧಾರಣೆ ತೆಗೆಯುತ್ತಿದ್ದೆ, ಫೋನ್ ಸೈಲೆಂಟಿನಲ್ಲಿತ್ತು. ನಿನ್ನ ಹದಿನಾಲ್ಕು ಕರೆಗಳನ್ನು ನೋಡಿದ್ದು ಊಟದ ಪಂಕ್ತಿ ತೆಗೆದ ಮೇಲೆ. ಶಿವಗಣಾರಾಧನೆ ಮುಗಿದ ಮರುದಿನ ನೀನು ಹೊರಟಾಗ ತಡೆಯುವ ಬಾಯಿ ನನಗಿರಲಿಲ್ಲ, ಈಗಲೂ ಇಲ್ಲ.

ನಿನಗೆ ನೋಡಬೇಕೆನಿಸಿದಾಗ ನೋಡು. ಮಾತ್ರೆ ತಪ್ಪಿಸಬೇಡ.

ಇಂತಿ,
ನಿನ್ನವನು ಎಂದು ಬರೆಯಲು ಕೈ ಬಾರದ
ಚಿದಂಬರ

ತಾ. ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಒಡೆದಿದ್ದೇನೆ. ಪೆನ್ ಡ್ರೈವಿನಲ್ಲಿರುವುದು ನಂದಿತಾಳ ಊರಲ್ಲ ಅರುಣಾ.

ಶಿವಕುಮಾರ ಬಂದು ಹೋದ ದಿನ ಸಂಜೆಯೇ ಮೆಷಿನ್ ಹಚ್ಚಿದೆ. ಕಾರ್ಡಿನ ತುದಿಗೆ ಧೂಳು ಕೂತಿತ್ತೇನೋ, ಅದನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿತು. ಹದಿನೈದು ವರ್ಷಗಳಿಂದ ಪ್ರತಿ ಮದುವೆಯ ಬೆಳಿಗ್ಗೆ ಕಾರ್ಡ್ ಹಾಕಿದೊಡನೆ ನಾನು ಮಾಡುವ ಮೊದಲ ಕೆಲಸ ಫಾರ್ಮ್ಯಾಟ್ ಒತ್ತಿ, ಆಗಲೇ ಕಂಪ್ಯೂಟರಿಗೆ ಇಳಿಸಿಟ್ಟ ಹಿಂದಿನ ಮದುವೆಯನ್ನು ಅಳಿಸುವುದು. ಮುಹೂರ್ತಕ್ಕೆ ಜಾಗ ಸಾಲದೆ ಹೋದರೆ ಮಾನ ಹೋಗುತ್ತದಲ್ಲ. ಓದಿ ಯೋಚಿಸುವ ಮೊದಲೇ ಬೆರಳು ಹೌದು ಎಂದು ಒತ್ತಿಬಿಟ್ಟಿತು. ಎರಡು ವರ್ಷದ ಬೇಸಾಯ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಅವಳು ಹೋದ ದಿನ ಅಳದವನು ಅವತ್ತು ನೆಲದ ಮೇಲೆ ಕೂತು ಅತ್ತೆ.

ಈ ಎಂಟು ತಿಂಗಳಲ್ಲಿ ಉಪಕರಣ ಆರಿಸುವುದಕ್ಕೆ ಹಿಡಿದದ್ದು ಎರಡೇ ತಿಂಗಳು. ಉಳಿದ ಆರು ತಿಂಗಳು ನಾನು ಆಡಿದೆ. ಕಳೆ ಕಿತ್ತೆ, ನೀರು ಹಾಯಿಸಿದೆ. ನಿನಗೆ ಮೋಸ ಮಾಡುವುದಕ್ಕೇ ಅವಳ ಊರನ್ನು ಮತ್ತೆ ಕಟ್ಟಲು ಹೊರಟೆ. ಆದರೆ ಅವಳು ಆಡುವುದನ್ನು ನಾನು ಒಂದು ದಿನವೂ ಪಕ್ಕ ಕೂತು ನೋಡಿದವನಲ್ಲ. ಊಟದ ಹೊತ್ತಿಗೆ ನೀವಿಬ್ಬರು ಮಾತಾಡುವಾಗ ಕಿವಿಗೆ ಬಿದ್ದಿದ್ದ ಆ ಮೂರು ಹಸು, ಆ ಹೂವಿನ ಸಾಲು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ನೀನು ಎರಡು ನಿಮಿಷ ನೋಡಿದ್ದರೂ ಇದು ಅವಳದಲ್ಲ ಎಂದು ಗೊತ್ತಾಗಿಬಿಡುತ್ತಿತ್ತು.

ಆಟ ಶುರುವಾಗುವಾಗ ಆ ಹೊಲದ ಹುಡುಗಿಗೆ ಒಂದು ಹೆಸರಿಡಿ ಎಂದು ಕೇಳುತ್ತದೆ. ನಮ್ಮ ಮಗಳು ಏನೆಂದು ಇಟ್ಟಿದ್ದಳು? ನನಗೆ ಗೊತ್ತಿಲ್ಲದೆ ಬರೀ ಒಂದು ಚುಕ್ಕಿ ಇಟ್ಟು ಮುಂದೆ ಹೋದೆ. ಆ ಊರಿನವರು ಅವಳನ್ನು ಮಾತಾಡಿಸಿದಾಗಲೆಲ್ಲ ಹೆಸರಿನ ಜಾಗದಲ್ಲಿ ಆ ಚುಕ್ಕಿಯೇ ಬರುತ್ತದೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ಶಿವಕುಮಾರನ ಕೈಲಿ ಆ ಹೆಸರೊಂದನ್ನು ಹೇಳಿ ಕಳುಹಿಸು. ಮೊದಲಿನಿಂದ ಆಡುತ್ತೇನೆ.